ದೊರೆ ಹಾಕಿದ ಪ್ಲಗ್ಗು

ನಮ್ಮ ಅಪ್ಪ ಬ್ರಿಟಿಷರು ತೊಲಗಲಿ ಎಂದು ಕೂಗಿ ಜೈಲಿಗೆ ಹೋಗಿ ಬಂದವರು. ಸಾಯುವ ತನಕ ಖಾದಿ ಬಿಟ್ಟು ಬೇರೆ ಬಟ್ಟೆ ಮೈಮೇಲೆ ಹಾಕಲಿಲ್ಲ. ಅಂಥ ಮನುಷ್ಯ ಒಬ್ಬ ಬಿಳಿಯನ ಇಷ್ಟವನ್ನು ಮಾತ್ರ ವರ್ಷಗಟ್ಟಲೆ ಮೀರದೆ ನಡೆಸಿದರು. ಆ ಬಿಳಿಯ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ತನ್ನ ಕಾರಿನ ಇಂಜಿನ್ನಿಗೆ ನಾಲ್ಕು ಸ್ಪಾರ್ಕ್ ಪ್ಲಗ್ಗು ಹಾಕಿ, ಕಾರು ಮಾರಿ, ಹಡಗು ಹತ್ತಿ ಹೋಗಿದ್ದ, ಅಷ್ಟೆ.

ಹೊಳೆನರಸೀಪುರದಲ್ಲಿ ನಮ್ಮದು ಹಿತ್ತಾಳೆ, ತಾಮ್ರದ ಪಾತ್ರೆಗಳ ಅಂಗಡಿ. ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿತ್ತೋ ಏನೋ, ಸಕಲೇಶಪುರದ ಕಡೆಯ ಕಾಫಿ ತೋಟದ ದೊರೆಯೊಬ್ಬ ಬಂಗಲೆ ಖಾಲಿ ಮಾಡಿಕೊಂಡು ಇಂಗ್ಲೆಂಡಿಗೆ ಹೊರಟಿದ್ದಾನೆಂದು ಸುದ್ದಿ ಬಂತು. ಅವನ ಬಂಗಲೆಯಲ್ಲಿ ಹಳೇ ತಾಮ್ರದ ಹಂಡೆಗಳಿವೆ, ತೂಕಕ್ಕೆ ಸಿಗುತ್ತವೆ ಎಂದು ಅಪ್ಪ ಹೋದರು. ಹೋದವರು ಹಂಡೆಯ ಬದಲು ಕಾರು ತಂದರು. ಕಡು ಹಸಿರು ಬಣ್ಣದ, ನೆಲಕ್ಕೆ ಅಂಟಿದಂತಿದ್ದ, ಮೇಲೆ ಚಾವಣಿಯಿಲ್ಲದ ಎರಡೇ ಸೀಟಿನ ಕಾರು. ದೊರೆ ಅದನ್ನು ಪಂದ್ಯಗಳಲ್ಲಿ ಓಡಿಸುತ್ತಿದ್ದನಂತೆ. ನಮ್ಮ ಮನೆಯಲ್ಲಿ ಆಗ ಐದು ಜನ ಇದ್ದೆವು. ಎದುರು ಅಂಗಡಿಯವರು ಅದನ್ನು ಸುತ್ತ ಒಂದು ಸಲ ಸುತ್ತಿ ನೋಡಿ, ಬಚ್ಚಲ ತೊಟ್ಟಿಗೆ ಗಾಲಿ ಹಾಕಿಸಿದ್ದೀರಲ್ಲ ಎಂದು ಅಪ್ಪನನ್ನು ಛೇಡಿಸಿದರು. ಅಪ್ಪ ನಕ್ಕರು. ಆ ಕಾಲಕ್ಕೆ ಅವರನ್ನು ಯಾರು ಏನಂದರೂ ನಗುತ್ತಿದ್ದರು, ಅಷ್ಟು ಖುಷಿಯಾಗಿದ್ದರು.

ಊರೆಲ್ಲ ನಗುವಾಗ ಅವ್ವ ನಗಲಿಲ್ಲ. ಕಾರಿನ ಬಾಗಿಲ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದಳು. ಆಮೇಲೆ ಒಳಗೆ ಬಂದು, ಕೂತರೆ ತವರಿಗೆ, ಅರಕಲಗೂಡಿಗೆ ಹೋಗುವುದಕ್ಕೇ ಅದರಲ್ಲಿ ಕೂರುವುದು, ಅದಕ್ಕೆ ಮೊದಲು ಕೂರುವುದಿಲ್ಲ ಎಂದಳು. ನನಗೆ ಆಗ ಹದಿನೇಳು ತುಂಬಿತ್ತು. ಅವಳು ಏಕೆ ಹಾಗೆಂದಳೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವ್ವ ಅಪ್ಪನಿಗೆ ಎರಡನೆಯ ಹೆಂಡತಿ. ವಯಸ್ಸಿನಲ್ಲಿ ಅಪ್ಪ ಅವಳಿಗಿಂತ ತೀರಾ ದೊಡ್ಡವರು. ಅಪ್ಪನ ಮೊದಲ ಹೆಂಡತಿ ಜ್ವರ ಬಂದು ತೀರಿಕೊಂಡಿದ್ದರು. ಊರ ಬಾಯಿಗೆ ಜ್ವರ ಸಾಕಾಗಲಿಲ್ಲ. ಗಂಡನೇ ಹೊಡೆದು ಬಡಿದು ಸಾಯಿಸಿದ ಎಂದು ಅರಕಲಗೂಡಿನವರೆಗೂ ಮಾತು ಹಬ್ಬಿತು. ಅರಕಲಗೂಡಿನಲ್ಲಿದ್ದ ನನ್ನ ಅಜ್ಜಿ, ಅಂದರೆ ಅವ್ವನ ತಾಯಿ, ಗಂಡ ಸತ್ತು ಮೂರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಕೂತಿದ್ದವಳು. ಕೇಳಿ ಬಂದ ಸಂಬಂಧಕ್ಕೆ ಒಪ್ಪಿಬಿಟ್ಟಳು. ಆ ಮಾತು ಅವಳ ಕಿವಿಗೆ ಬಿದ್ದದ್ದು ಮದುವೆಯಾದ ಮೇಲೆ. ಅಂದಿನಿಂದ ಮಗಳನ್ನು ಕೈಯಾರೆ ಬಾವಿಗೆ ನೂಕಿದೆನೆಂಬ ಕೊರಗು ಅವಳಿಗೆ ಅಂಟಿಕೊಂಡಿತು. ಅವ್ವ ತವರಿಗೆ ಹೋದಾಗಲೆಲ್ಲ ಅಜ್ಜಿ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಅವಳ ಬಳೆಗಳನ್ನು ಮೇಲಕ್ಕೆ ಸರಿಸಿ ಮಣಿಕಟ್ಟು ನೋಡುವುದು. ಬಾಸುಂಡೆ ಇದೆಯೇನೋ ಎಂದು ನೋಡುವುದು.

ಅಪ್ಪ ಅವ್ವನ ಮೇಲೆ ಕೈಯೆತ್ತಿದವರೇ ಅಲ್ಲ. ಊಟಕ್ಕೆ ಕೂತರೆ, ನೀನೂ ಕೂರು ಅನ್ನುತ್ತಿದ್ದರು. ಅವ್ವ ಅದನ್ನೆಲ್ಲ ಹೇಳಿ ನೋಡಿದ್ದಳು, ಆಣೆಯನ್ನೂ ಇಟ್ಟಿದ್ದಳು. ತಾಯಿಯ ಸಮಾಧಾನಕ್ಕೆ ಮಗಳು ಸುಳ್ಳು ಹೇಳುತ್ತಾಳೆ ಎಂದು ಅಜ್ಜಿ ಸುಮ್ಮನೆ ತಲೆಯಾಡಿಸುತ್ತಿದ್ದಳು. ಬಸ್ಸಿನಲ್ಲಿ ಒಬ್ಬಳೇ ಬಂದು ಒಬ್ಬಳೇ ಹೋಗುವ ಮಗಳ ಮಾತನ್ನು ಯಾವ ತಾಯಿ ನಂಬುತ್ತಾಳೆ? ಅಪ್ಪ ಅಂಗಡಿ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ, ಅದೊಂದು ದೋಷ ಅವರದು. ಈಗ ಕಾರು ಬಂದಿತ್ತು. ಗಂಡನೇ ಕಾರು ಓಡಿಸುತ್ತ, ತಾನು ಪಕ್ಕದಲ್ಲಿ ಕೂತು, ಅಜ್ಜಿಯ ಜಗಲಿ ಮುಂದೆ ಹೋಗಿ ಇಳಿಯಬೇಕು. ಇಳಿಯುವುದನ್ನು ಅಜ್ಜಿ ಕಣ್ಣಾರೆ ನೋಡಬೇಕು. ಅವ್ವನಿಗೆ ಬೇಕಾಗಿದ್ದದ್ದು ಇಷ್ಟೆ. ಅದಕ್ಕೆ ಅವಸರವೂ ಇತ್ತು, ಏಕೆಂದರೆ ಅಜ್ಜಿಯ ಕಣ್ಣು ಆಗಲೇ ಮಂಜಾಗತೊಡಗಿತ್ತು.

ಕಾರು ಓಡಬೇಕಲ್ಲ. ಬೆಳಿಗ್ಗೆ ಚೆನ್ನಾಗಿ ಹೊರಟದ್ದು ಪೇಟೆ ಬೀದಿ ಮುಗಿಯುವುದರೊಳಗೆ ಕೆಮ್ಮುತ್ತಿತ್ತು. ಸೈಲೆನ್ಸರಿನಲ್ಲಿ ಪಟಾಕಿ ಸಿಡಿದ ಹಾಗೆ ಸಿಡಿದು, ದನ ಬೆದರಿಸಿ, ನಿಂತೇಬಿಡುತ್ತಿತ್ತು. ಅಪ್ಪ ಬಾನೆಟ್ಟು ಎತ್ತಿ ಪ್ಲಗ್ಗು ಬಿಚ್ಚಿ ನೋಡಿದರೆ ನಾಲ್ಕರ ತುದಿಯೂ ಎಣ್ಣೆಮಸಿ ಹತ್ತಿ ಬಾಣಲೆಯ ತಳದಂತಿರುತ್ತಿತ್ತು. ಮಸಿ ಹಿಡಿದರೆ ಕಿಡಿ ಹಾರುವುದಿಲ್ಲ, ಕಿಡಿ ಹಾರದಿದ್ದರೆ ಇಂಜಿನ್ ಇಲ್ಲ. ಅವರು ತಂತಿ ಬ್ರಷ್ಷಿನಲ್ಲಿ ಉಜ್ಜಿ, ಪೆಟ್ರೋಲಿನಲ್ಲಿ ತೊಳೆದು, ಸಂಜೆ ಅವ್ವನ ಕೈಗೆ ಕೊಡುತ್ತಿದ್ದರು. ಅವ್ವ ಅವನ್ನು ಬಚ್ಚಲ ಒಲೆಯ ಕೆಂಡದಲ್ಲಿ ಇಕ್ಕಳದಿಂದ ಹೊರಳಿಸಿ ಹೊರಳಿಸಿ ಸುಡುತ್ತಿದ್ದಳು. ಒಳಗಿನ ಒಲೆಗೆ ಆ ಪೆಟ್ರೋಲು ನಾತದ್ದನ್ನು ತರಕೂಡದೆಂದು ಬಚ್ಚಲ ಒಲೆ. ಸಂಬಳವಿಲ್ಲದೆ ಅಷ್ಟು ನಿಷ್ಠೆಯಿಂದ ಕಾರಿನ ಸೇವೆ ಮಾಡಿದವರು ಇಡೀ ಜಿಲ್ಲೆಯಲ್ಲಿ ಇನ್ನೊಬ್ಬರಿರಲಾರರು. ಬೆಳಿಗ್ಗೆ ಅವನ್ನು ಮತ್ತೆ ಹಾಕಿದರೆ ಒಂದು ಮೈಲಿ, ಎರಡು ಮೈಲಿ. ಆಮೇಲೆ ಅದೇ ರಾಗ ಅದೇ ಹಾಡು.

ಮೊದಲ ಸಲ ಅರಕಲಗೂಡಿಗೆ ಹೊರಟಾಗ ಅವ್ವ ಬಸ್ಸಿನ ಕಂಡಕ್ಟರನ ಕೈಲಿ ಅಜ್ಜಿಗೆ ಮುಂಚೆಯೇ ಹೇಳಿ ಕಳಿಸಿದ್ದಳು. ಸೋಮವಾರ ಬರುತ್ತೇವೆ, ಅವರದೇ ಕಾರಿನಲ್ಲಿ, ಜಗಲಿಯಲ್ಲಿ ಕೂತಿರು ಎಂದು. ಮೊಳಕಾಲ್ಮೂರು ಸೀರೆ ಉಟ್ಟು, ಬಾನೆಟ್ಟಿಗೆ ವಿಭೂತಿ ಹಚ್ಚಿ ಹತ್ತಿದಳು. ನಾವು ಬಾಗಿಲಲ್ಲಿ ನಿಂತು ಕಳಿಸಿಕೊಟ್ಟೆವು. ಒಳಗೆ ಬಂದು ನಾನು ಇನ್ನೂ ರಾಗಿ ಬೀಸಲು ಕೂತಿರಲಿಲ್ಲ, ಅಷ್ಟರಲ್ಲಿ ಇಬ್ಬರೂ ನಡೆದುಕೊಂಡು ವಾಪಸು ಬಂದರು. ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು, ನಲ್ಲಿಯ ಹತ್ತಿರದ ಹೆಂಗಸರ ಕಡೆ ತಿರುಗಲಿಲ್ಲ. ಅಜ್ಜಿ ಅತ್ತ ಸಂಜೆಯವರೆಗೂ ಜಗಲಿ ಕಾದಳಂತೆ.

ಅಪ್ಪ ಹೊಸ ಪ್ಲಗ್ಗು ತರಲು ಹಾಸನಕ್ಕೆ ಹೊರಟಾಗ ನನ್ನನ್ನೂ ಕರೆದುಕೊಂಡು ಹೋದರು. ಬಸ್ ಸ್ಟ್ಯಾಂಡಿನ ಹತ್ತಿರದ ಮೋಟಾರು ಸಾಮಾನಿನ ಅಂಗಡಿ. ಅಪ್ಪ ದೊರೆಯ ಹಳೇ ಪ್ಲಗ್ಗನ್ನು ಕರವಸ್ತ್ರದಿಂದ ಬಿಚ್ಚಿ, ಪಿಂಗಾಣಿಯ ಮೇಲಿನ ನಂಬರು ತೋರಿಸಿ, ಇದೇ ಬೇಕು ಎಂದರು. ಅಂಗಡಿಯವನು ಆ ನಂಬರನ್ನು ಕಂಡೇ ಇರಲಿಲ್ಲ. ಹೊರದೇಶದ ಸಾಮಾನು ಬರುವುದು ಕಷ್ಟವಾಗಿದೆ ಎಂದ. ಒಳಗಿನಿಂದ ಬೇರೆ ನಾಲ್ಕು ತಂದಿಟ್ಟ. ಒಂದೇ ನಟ್ಟಿಗೆ ಹಳೆಯದನ್ನೊಮ್ಮೆ ಹೊಸದನ್ನೊಮ್ಮೆ ತಿರುಗಿಸಿ, ತಿರುಪು ಸರಿಯಾಗಿ ಕೂರುತ್ತದೆ, ಉದ್ದವೂ ಒಂದೇ ಎಂದು ತೋರಿಸಿದ. ಹೆಚ್ಚೇನೂ ತಿಳಿದು ಹೇಳಿದವನಲ್ಲ. ತನ್ನ ಹತ್ತಿರ ಇದ್ದದ್ದನ್ನು ಎಲ್ಲ ವ್ಯಾಪಾರಿಗಳೂ ಹೇಗೆ ದಾಟಿಸುತ್ತಾರೋ ಹಾಗೆ ದಾಟಿಸಲು ನೋಡಿದ.

"ಇದೇ ಆಕಿ ನೋಡಿ ಸಾವ್ಕಾರ್ರೆ. ಇಲ್ಲಿ ಓಡೋ ಟ್ಯಾಕ್ಸಿಗೆಲ್ಲ ಇದೇ ಆಕಾದು."

ಟ್ಯಾಕ್ಸಿ ಎಂಬ ಮಾತು ಕೇಳಿದ್ದೇ ಅಪ್ಪನ ಮುಖ ಬಿಗಿಯಿತು. ಹಾಸನದ ಟ್ಯಾಕ್ಸಿಗಳೆಂದರೆ ಹತ್ತು ಜನರನ್ನು ತುಂಬಿಕೊಂಡು, ಮೇಲೆ ಕುರಿ ಕಟ್ಟಿಕೊಂಡು ಹೋಗುವ ಮುದಿ ಗಾಡಿಗಳು. ಪಂದ್ಯದಲ್ಲಿ ಓಡಿದ ಕಾರಿಗೆ ಅದನ್ನು ಹಾಕುವುದೇ?

"ದೊರೆ ಗೊತ್ತಿಲ್ದೆ ಆಕಿದ್ನೇನಪ್ಪ? ಅವ್ನ ದೇಸದ್ ಕಾರು, ಅವ್ನಿಗೆ ಗೊತ್ತು. ನಂಗೆ ಇದೇ ನಂಬ್ರು ಬೇಕು" ಎಂದು ಹೇಳಿ ಪ್ಲಗ್ಗನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿಕೊಂಡರು.

ದೊರೆಗಳ ಆಳ್ವಿಕೆ ಹೋಗಲೆಂದು ಜೈಲಿನಲ್ಲಿ ಮುದ್ದೆ ತಿಂದವರ ಬಾಯಲ್ಲಿ ಆ ಮಾತು. ಅಪ್ಪನೊಬ್ಬರೇ ಅಲ್ಲ, ಆ ತಲೆಮಾರಿನ ಎಷ್ಟೋ ಜನ ಹೀಗೇ ಇದ್ದರು. ಬಿಳಿಯ ತಮ್ಮ ನೆಲ ಆಳುವುದು ತಪ್ಪು ಎಂದು ಎದೆ ತಟ್ಟಿ ಹೇಳುತ್ತಿದ್ದರು. ಅವನ ಗಡಿಯಾರ, ಅವನ ಔಷಧಿ, ಅವನ ಮೋಟಾರು ತಪ್ಪಾಗಬಹುದೆಂದು ಕನಸಿನಲ್ಲೂ ಎಣಿಸುತ್ತಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರನ್ನು ಕಂಡಿದ್ದೇನೆ. ನಮ್ಮ ಅಪ್ಪ ದೊರೆ ಹಿಡಿದ ಮೊಲಕ್ಕೆ ಮೂರು ಕಾಲು ಅನ್ನುತ್ತಿದ್ದರು. ನನಗೆ ಈಗಲೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ.

ಬಹಳ ವರ್ಷಗಳ ಮೇಲೆ, ಇಂಜಿನ್ ಕೆಲಸ ಓದಿದ್ದ ನನ್ನ ಗಂಡ ಇದರ ಗುಟ್ಟನ್ನು ನನಗೆ ಬಿಡಿಸಿ ಹೇಳಿದರು. ಪ್ಲಗ್ಗಿನ ತುದಿಯಲ್ಲಿ ಪಿಂಗಾಣಿಯ ಮೂತಿ ಇರುತ್ತದೆ. ಆ ಮೂತಿ ಗಿಡ್ಡವಾಗಿದ್ದರೆ ಪ್ಲಗ್ಗು ಬೇಗ ತಣಿಯುತ್ತದೆ, ಉದ್ದವಾಗಿದ್ದರೆ ಕಾದೇ ಇರುತ್ತದೆ. ಪಂದ್ಯದಲ್ಲಿ ಕಾರನ್ನು ಜೋರಾಗಿ ಹೊಡೆಯುವವನಿಗೆ ಬೇಗ ತಣಿಯುವುದೇ ಸರಿ, ಇಲ್ಲದಿದ್ದರೆ ಇಂಜಿನ್ ಸುಟ್ಟುಹೋದೀತು. ದೊರೆ ಹಾಕಿದ್ದದ್ದು ಅದನ್ನೇ, ಅವನ ಮಟ್ಟಿಗೆ ಅವನು ತಪ್ಪು ಮಾಡಿರಲಿಲ್ಲ. ನಮ್ಮ ಅಪ್ಪ ಆ ಕಾರನ್ನು ಎತ್ತಿನ ಗಾಡಿಗಳ ಹಿಂದೆ, ಎದುರಾದವರಿಗೆಲ್ಲ ಕೈ ಮುಗಿಯುತ್ತ ಓಡಿಸುತ್ತಿದ್ದರು. ಆ ಓಟಕ್ಕೆ ಪ್ಲಗ್ಗು ಕಾಯುವುದೇ ಇಲ್ಲ. ಸಾಲದ್ದಕ್ಕೆ ಸವೆದ ಇಂಜಿನ್ನು, ಒಳಗೆ ಎಣ್ಣೆ ಬರುತ್ತಿತ್ತು. ಕಾಯುವ ಪ್ಲಗ್ಗಾಗಿದ್ದರೆ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತಿತ್ತು. ಟ್ಯಾಕ್ಸಿಗೆ ಹಾಕುವುದು ಅಂಥದೇ. ಅವರು ಇದನ್ನು ಹೇಳುವಾಗ ನಾನು ಕಣ್ಣೊರೆಸಿಕೊಂಡೆ. ಪ್ಲಗ್ಗಿನ ವಿಷಯಕ್ಕೆ ಯಾರಾದರೂ ಅಳುತ್ತಾರೆಯೇ ಎಂದು ಅವರಿಗೆ ಆಶ್ಚರ್ಯವಾಯಿತು.

ಅಪ್ಪ ಮದರಾಸಿಗೆ ಬರೆದರು, ಬೊಂಬಾಯಿಗೆ ಬರೆದರು. ಮಳೆಗಾಲ ಕಳೆದು, ದೀಪಾವಳಿ ಕಳೆದು, ಬೊಂಬಾಯಿಯಿಂದ ಒಂದು ಪಾರ್ಸೆಲ್ ಬಂತು. ಅದೇ ನಂಬರು. ಅಪ್ಪ ಅದನ್ನು ದೇವರ ಮುಂದಿಟ್ಟು ಆಮೇಲೆ ಕಾರಿಗೆ ಹಾಕಿದರು. ಹೊಸದಲ್ಲವೇ, ಎರಡು ದಿನ ಗುಂಯ್ ಎಂದು ಓಡಿತು. ಅವ್ವ ಮತ್ತೆ ಹೇಳಿ ಕಳಿಸಿದಳು, ಮತ್ತೆ ಸೀರೆ ಉಟ್ಟಳು. ಅರ್ಧ ದಾರಿಯಲ್ಲಿ ಕಾರು ಕೆಮ್ಮಿತು. ಒಂದು ಹೊಂಗೆ ಮರದ ಕೆಳಗೆ ಅದನ್ನು ಬಿಟ್ಟು, ಆ ಹಳ್ಳಿಯವರಿಗೆ ನೋಡಿಕೊಳ್ಳಲು ಹೇಳಿ, ಅಪ್ಪ ಅಲ್ಲೇ ಉಳಿದರು. ಅವ್ವ ಹಿಂದಿನಿಂದ ಬಂದ ಬಸ್ಸು ಹತ್ತಿದಳು. ಜಗಲಿಯಲ್ಲಿ ಕಾಯುತ್ತಿದ್ದ ಅಜ್ಜಿಯ ಮುಂದೆ ಒಬ್ಬಳೇ ಹೋಗಿ ನಿಂತಳು. ಕಾರು ದಾರಿಯಲ್ಲಿ ಕೆಟ್ಟಿತು ಎಂದಳು. ಅಜ್ಜಿ ಬಳೆ ಸರಿಸಿ, ಮಣಿಕಟ್ಟನ್ನು ಮುಖದ ಹತ್ತಿರಕ್ಕೆ ಎತ್ತಿಕೊಂಡು ನೋಡಿದಳಂತೆ.

ಇನ್ನೊಂದು ಸಲವೂ ಹೀಗೇ ಆಯಿತು. ಆ ಹೊತ್ತಿಗೆ ಅಜ್ಜಿ ಜಗಲಿಯಲ್ಲಿ ಕಾಯುವುದನ್ನೇ ಬಿಟ್ಟಿದ್ದಳು. ಕಾರು ಹೇಗಿದೆ ಎಂದು ಕೇಳುವುದನ್ನೂ ಬಿಟ್ಟಳು. ಅವಳನ್ನು ಹಾಸನದ ಕಣ್ಣಿನ ಡಾಕ್ಟರರಿಗೆ ತೋರಿಸಿದೆವು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಹಿಂದಿನ ನರವೇ ಒಣಗುತ್ತಿದೆ, ದೃಷ್ಟಿ ಇರುವಷ್ಟು ದಿನ ಇರುತ್ತದೆ ಎಂದರು ಅವರು. ಮುಂದಿನ ಬೇಸಿಗೆಗೆ ಅದೂ ಹೋಯಿತು. ಅವ್ವ ಆ ದಿನ ಬಚ್ಚಲ ಒಲೆಯ ಮುಂದೆ ಕೂತು, ಸುಡಲು ಇಟ್ಟಿದ್ದ ಪ್ಲಗ್ಗುಗಳನ್ನು ಹಾಗೇ ಬಿಟ್ಟು ಎದ್ದು ಬಂದಳು. ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅಪ್ಪನಿಗೂ ಹಗುರವಾಗುತ್ತಿತ್ತೇನೋ.

ಕಾರು ಕೊಟ್ಟಿಗೆ ಸೇರಿತು. ಸೀಟಿನ ಮೇಲೆ ಕೋಳಿ ಮೊಟ್ಟೆ ಇಟ್ಟಿತ್ತು ಎಂದು ಎದುರು ಅಂಗಡಿಯವರು ಹೇಳಿಕೊಂಡು ತಿರುಗಿದರು, ಅದೇನೂ ಸುಳ್ಳಲ್ಲ. ಕೊನೆಗೆ ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿಯೊಬ್ಬರು ಕೊಳ್ಳುತ್ತೇನೆಂದರು. ಅಲ್ಲಿಯವರೆಗೆ ಓಡಿಸಿಕೊಂಡು ಹೋಗಲು ಪ್ಲಗ್ಗು ಬೇಕಲ್ಲ, ಬೊಂಬಾಯಿಯವು ಆಗಲೇ ಸತ್ತಿದ್ದವು. ಮಾರುವ ಕಾರಿಗೆ ಯಾವುದಾದರೇನು ಎಂದು ಅಪ್ಪ ಹಾಸನದ ಅದೇ ಅಂಗಡಿಯಿಂದ ಅದೇ ಟ್ಯಾಕ್ಸಿಯ ಪ್ಲಗ್ಗು ತರಿಸಿ ಹಾಕಿದರು. ಅವ್ವ ಬರುವುದಿಲ್ಲವೆಂದಳು. ನಾನು ಪಕ್ಕದಲ್ಲಿ ಕೂತೆ.

ಒಂದು ಮೈಲಿ ಆಯಿತು, ಕೆಮ್ಮಲಿಲ್ಲ. ನಾನು ಈಗ ಸಿಡಿಯುತ್ತದೆ, ಇನ್ನು ಸಿಡಿಯುತ್ತದೆ ಎಂದು ಕಿವಿ ಮುಚ್ಚಿಕೊಳ್ಳಲು ಸಿದ್ಧಳಾಗಿ ಕೂತಿದ್ದೆ. ಹಳ್ಳಿಗಳು ಹಿಂದೆ ಸರಿದವು, ಎತ್ತಿನ ಗಾಡಿಗಳ ಹಿಂದೆ ನಿಧಾನಿಸಿದೆವು, ಮತ್ತೆ ಹೊರಟೆವು. ಇಂಜಿನ್ನು ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ನೆಮ್ಮದಿಯಾಗಿತ್ತು. ಚನ್ನರಾಯಪಟ್ಟಣ ಬಂದೇಬಿಟ್ಟಿತು. ವ್ಯಾಪಾರಿಯ ಮನೆಯಲ್ಲಿ ಅಪ್ಪ ಕಾಫಿ ಕುಡಿದು, ಕಾರು ಮಾರುವುದಿಲ್ಲ, ಕ್ಷಮಿಸಬೇಕು ಎಂದು ಕೈ ಮುಗಿದು ಎದ್ದರು. ಆ ಮನುಷ್ಯ ಬೈದದ್ದೂ ಅವರಿಗೆ ಕೇಳಿಸಲಿಲ್ಲ.

ವಾಪಸು ಬರುವಾಗ ಒಂದು ಕೆರೆ ಏರಿಯ ಮೇಲೆ ನಿಲ್ಲಿಸಿ, ಬಾನೆಟ್ಟು ಎತ್ತಿ, ಬಟ್ಟೆ ಹಿಡಿದು ಒಂದು ಪ್ಲಗ್ಗು ಬಿಚ್ಚಿದರು. ತುದಿ ಒಣಗಿ, ತಿಳಿ ಕಂದು ಬಣ್ಣಕ್ಕೆ ತಿರುಗಿ, ಮಸಿಯಿಲ್ಲದೆ ಸ್ವಚ್ಛವಾಗಿತ್ತು. ಅದನ್ನು ಹಿಡಿದುಕೊಂಡು ಅಪ್ಪ ಕೆರೆಯ ಕಡೆ ನೋಡುತ್ತ ನಿಂತರು.

"ಅವತ್ತೇ ಕೊಟ್ಟಿದ್ದ ಕಣವ್ವ, ಆ ಅಂಗ್ಡಿಯೋನು" ಎಂದರು.

ಅವರ ಕಣ್ಣಲ್ಲಿ ನೀರು ತುಂಬಿತ್ತು. ನನಗೆ ಅಯ್ಯೋ ಅನ್ನಿಸಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಅಂದುಕೊಂಡೆ. ಅಯ್ಯೋ ಅನ್ನಿಸಿದ್ದು ಎಷ್ಟೋ ವರ್ಷದ ಮೇಲೆ, ಅಪ್ಪ ಇಲ್ಲವಾದ ಮೇಲೆ.

ಮನೆಗೆ ಬಂದು ಅಪ್ಪ ಅವ್ವನಿಗೆ, ಹೊರಡು ಅರಕಲಗೂಡಿಗೆ ಎಂದರು. ಇನ್ನು ಹೋಗಿ ಏನು ಮಾಡುವುದು, ಅವಳಿಗೆ ಕಣ್ಣೇ ಇಲ್ಲ ಎಂದಳು ಅವ್ವ. ಎರಡು ದಿನ ಬಿಟ್ಟು ತಾನೇ ಮನಸ್ಸು ಬದಲಾಯಿಸಿದಳು. ಕಣ್ಣಿಲ್ಲದಿದ್ದರೇನು, ಕೈಯಿದೆ, ಕಿವಿಯಿದೆ, ಅಳಿಯನ ಮಾತು ಕೇಳಿಸುತ್ತದೆ ಎಂದಳು. ಅಜ್ಜಿಗೆ ಸೀರೆ ಉಡಿಸಿ ಜಗಲಿಯಲ್ಲಿ ಕೂರಿಸಿಕೊಂಡಿರು ಎಂದು ನನ್ನನ್ನು ಹಿಂದಿನ ದಿನವೇ ಬಸ್ಸಿನಲ್ಲಿ ಕಳಿಸಿದಳು. ಕಾರಿನಲ್ಲಿ ಬರುತ್ತಾರೆ ಎಂದು ನಾನು ಹೇಳಿದಾಗ ಅಜ್ಜಿ ಹೂಂ ಅಂದಳು.

ಅವರು ಹೇಳಿದ ಹೊತ್ತಿಗೇ ಬಂದರು. ಅವ್ವನ ಕೂದಲೆಲ್ಲ ಗಾಳಿಗೆ ಕೆದರಿತ್ತು, ಮುಖದಲ್ಲಿ ದೂಳಿತ್ತು, ಅಷ್ಟು ಚಂದವಾಗಿ ನಾನು ಅವಳನ್ನು ಯಾವತ್ತೂ ನೋಡಿರಲಿಲ್ಲ. ಅಪ್ಪ ಸುತ್ತಿ ಬಂದು ಅವಳ ಕಡೆಯ ಬಾಗಿಲು ತೆಗೆದರು. ಬೀದಿಯೆಲ್ಲ ನೋಡಿತು. ನೋಡಬೇಕಾದವಳು ಗೋಡೆಗೆ ಒರಗಿ ಕೂತು ಬೇರೆ ದಿಕ್ಕಿಗೆ ಮುಖ ಮಾಡಿದ್ದಳು. ಅವ್ವ ಹೋಗಿ ಅಜ್ಜಿಯ ಕೈ ಹಿಡಿದು ಎಬ್ಬಿಸಿ, ಕಾರಿನ ಹತ್ತಿರ ಕರೆತಂದು, ಬಿಸಿ ಬಾನೆಟ್ಟಿನ ಮೇಲೆ, ಬಾಗಿಲ ಮೇಲೆ, ತಾನು ಕೂತು ಬಂದ ಸೀಟಿನ ಮೇಲೆ ಅವಳ ಕೈ ಇಡಿಸಿದಳು.

"ನಮ್ದೇ ಕಣವ್ವ. ಅವ್ರೇ ಓಡಿಸ್ಕಂಡ್ ಬಂದ್ರು. ಅವ್ರ ಪಕ್ಕ್‌ದಲ್ಲೇ ಕೂತ್ಕಂಡ್ ಬಂದೆ."

ಅಪ್ಪನೂ ಮುಂದೆ ಬಂದು, ಹೌದು ಅತ್ತೆ, ನಾನೇ ಓಡಿಸಿದೆ ಎಂದರು. ಅಜ್ಜಿ ಅಳಿಯನ ದನಿ ಕೇಳಿ ಸೆರಗು ಸರಿಮಾಡಿಕೊಂಡಳು. ಬಹಳ ಚೆನ್ನಾಗಿದೆ, ಶಿವ ನಿಮ್ಮನ್ನು ಚೆನ್ನಾಗಿಟ್ಟಿರಲಿ ಎಂದಳು. ಮಗಳ ತಲೆ ಸವರಿದಳು, ನಕ್ಕಳು. ಬಳೆ ಸರಿಸಲಿಲ್ಲ. ಅದನ್ನು ಕಂಡು ಅವ್ವ ನನ್ನ ಕಡೆ ತಿರುಗಿದಾಗ ಅವಳ ಮುಖದಲ್ಲಿ ಗೆದ್ದ ಕಳೆಯಿತ್ತು. ಊಟ ಮಾಡಿ, ಹೊತ್ತು ಇಳಿಯುವುದಕ್ಕೆ ಮೊದಲೇ ಇಬ್ಬರೂ ಹೊರಟರು. ನಾನು ಮರುದಿನದ ಬಸ್ಸಿಗೆ ಬರುವುದೆಂದು ಉಳಿದೆ.

ಕಾರಿನ ಸದ್ದು ತಿರುವಿನಾಚೆ ಅಡಗಿದ ಮೇಲೆ ಅಜ್ಜಿ ನನ್ನನ್ನು ಹತ್ತಿರ ಕರೆದಳು.

"ಪಾಪ, ನನ್ ನೆಮ್ಮದಿಗೆ ಅಂತ ಬಾಡ್ಗೆ ಕಾರ್ ಮಾಡ್ಕಂಡ್ ಬಂದವ್ಳೆ. ಅವ್ನ ಕಾಲು ಕಟ್ಕಂಡು ಕರ್ಕಂಡ್ ಬಂದಿರ್ಬೇಕು. ನಂಗೆ ಗೊತ್ತಾಯ್ತು ಅಂತ ನಿಮ್ಮವ್ವುಂಗೆ ಏಳ್ಬ್ಯಾಡ ಕಣ್ ಮಗ. ನಂಬುದ್ಲು ಅಂತ್ಲೇ ಅಂದ್ಕಳ್ಲಿ."

ನಾನು ದೇವರಾಣೆ ಇಟ್ಟೆ. ಕಾರು ನಮ್ಮದೇ, ಅಪ್ಪ ಒಳ್ಳೆಯವರು, ಅವ್ವ ಸುಖವಾಗಿದ್ದಾಳೆ, ಪ್ಲಗ್ಗು ಸರಿಯಿಲ್ಲದೆ ಇಷ್ಟು ದಿನ ಬರಲಾಗಲಿಲ್ಲ ಎಂದೆಲ್ಲ ಹೇಳಿದೆ. ಪ್ಲಗ್ಗೆಂದರೆ ಏನೆಂದು ಅವಳಿಗೆ ತಿಳಿಯಲಿಲ್ಲ. ಅವಳು ನನ್ನ ಕೆನ್ನೆ ತಡವಿ, ನನ್ನ ಬಳೆಗಳನ್ನು ಮೆಲ್ಲಗೆ ಮೇಲಕ್ಕೆ ಸರಿಸಿ, ಬೆರಳಿನಿಂದ ನನ್ನ ಮಣಿಕಟ್ಟನ್ನು ಮುಟ್ಟಿ ಮುಟ್ಟಿ ನೋಡಿದಳು.

"ನಿಮ್ಮವ್ವ ಏಳ್ಕೊಟ್ಟಂಗೇ ಏಳ್ತೀಯ" ಎಂದಳು.

ಆ ವರ್ಷದ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಅವ್ವ ಜಗಲಿಯಲ್ಲಿ ಅಪ್ಪನ ಪಕ್ಕ ಕೂತು, ಕಾರು ಬರುವುದು ತಡವಾದರೂ ಬಂತಲ್ಲ, ಕೊರಗು ಬಿಟ್ಟು ನೆಮ್ಮದಿಯಾಗಿ ಹೋದಳು ನಮ್ಮವ್ವ ಎಂದಳು. ಅಪ್ಪನ ಬೆನ್ನು ಸವರಿದಳು. ಆಮೇಲೆ ನನ್ನ ಕಡೆ ತಿರುಗಿ, ಅವತ್ತು ನಾವು ಹೊರಟ ಮೇಲೆ ಅಜ್ಜಿ ಏನಂದಳು, ಇನ್ನೊಂದು ಸಲ ಹೇಳು ಎಂದಳು. ಅಪ್ಪನೂ ತಲೆಯೆತ್ತಿ ನನ್ನನ್ನೇ ನೋಡಿದರು. ಮಗಳು ರಾಣಿಯ ಹಾಗೆ ಬಂದಳು ಎಂದು ಬೀದಿಗೆಲ್ಲ ಹೇಳಿಕೊಂಡಳು ಎಂದೆ.